ತಂಪಿನ ಹಿಂಬದಿ

ಅಂಗಡಿಯಿಂದ,
ಬುಧವಾರ, ಏಪ್ರಿಲ್ ಹದಿನೇಳು

ಪ್ರೀತಿಯ ಯಜಮಾನರಿಗೆ,

ಹೇಗಿದ್ದೀರಿ? ಸೊಂಟನೋವು ಹೇಗಿದೆ? ಆ ಕೋಲ್ಡ್ ಸ್ಟೋರೇಜಿನ ಒಳಗೆ ಹೊಕ್ಕು ಕೆಲಸ ಮಾಡಿ, ಆಮೇಲೆ ಉರಿಬಿಸಿಲಿಗೆ ದಡಕ್ಕನೆ ಹೊರಗೆ ಬರಬೇಡಿ ಎಂದು ಹೊರಡುವಾಗಲೇ ಹೇಳಿದ್ದೆ. ನೀವು ಕೇಳಿರುವುದಿಲ್ಲ, ನನಗೆ ಗೊತ್ತು. ಕೆಮ್ಮು ಹತ್ತಿಸಿಕೊಂಡು ಬನ್ನಿ, ಆಗ ಮಾತಾಡುತ್ತೇನೆ. ಇಲ್ಲಿ ಮಗಳು ಚೆನ್ನಾಗಿದ್ದಾಳೆ. ಪರೀಕ್ಷೆ ಹತ್ತಿರ ಬಂತು, ಓದುತ್ತಾಳೆ, ಓದಿದ್ದನ್ನೆಲ್ಲ ನನಗೆ ಒಪ್ಪಿಸಿ ತಲೆ ತಿನ್ನುತ್ತಾಳೆ. ಅಂಗಡಿ ನಡೆಯುತ್ತಿದೆ. ನಡೆಯುವುದೇನು ಬಂತು, ಓಡುತ್ತಿದೆ! ಈ ಸೆಕೆಗೆ ನಾನು ಶಟರ್ ಎತ್ತುವ ಮೊದಲೇ ಜನ ಬಂದು ನಿಂತಿರುತ್ತಾರೆ. ಏಸಿ ಇಲ್ಲದವರಿಗೆ ಏಸಿ ಬೇಕು, ಇರುವವರಿಗೆ ಇನ್ನೂ ದೊಡ್ಡದು ಬೇಕು. ಇದನ್ನು ಬರೆಯುವಾಗ ನನಗೆ ಸಂತೋಷವಾಗಬೇಕಿತ್ತು. ಆಗುತ್ತಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಫೋನ್ ಮಾಡಿದರೆ ನೀವು ಹೂಂಗುಡುತ್ತೀರಿ, ಹಿಂದಿನಿಂದ ಯಾರೋ ಕೂಗುತ್ತಾರೆ, "ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟುಬಿಡುತ್ತೀರಿ. ಪತ್ರಕ್ಕಾದರೆ ಹೂಂಗುಡಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ಹಾಗಾಗಿ ಕೆಲಸದ ನಡುವೆ ಎಲ್ಲಿಯಾದರೂ ಒಂದು ಕಡೆ ಕುಳಿತುಕೊಂಡು ಓದಿ.

ಅಕ್ಕನಿಗೆ ಸ್ವಲ್ಪ ತಲೆಸುತ್ತು ಬಂದಿತ್ತು ಎಂದು ಮೊನ್ನೆ ಹೇಳಿದೆನಲ್ಲ, ಅದು ಅರ್ಧ ಮಾತು. "ಅವ್ನಿಗೆ ಹೇಳಿದ್ರೆ ಕೆಲ್ಸ ಬಿಟ್ಟು ಓಡಿಬರ್ತಾನೆ, ನೀನು ಬಾಯಿ ಮುಚ್ಕೊಂಡಿರು" ಎಂದು ನಿಮ್ಮಕ್ಕನೇ ನನ್ನ ಬಾಯಿ ಕಟ್ಟಿದ್ದರು. ಹೋದ ಗುರುವಾರ ಮಧ್ಯಾಹ್ನ, ಅಕ್ಕನ ಹತ್ತಿರ ಬಟ್ಟೆ ಹೊಲಿಸಲು ಬಂದಿದ್ದ ಹೆಂಗಸೊಬ್ಬಳು ನಾಲ್ಕನೇ ಮಹಡಿಯಿಂದ ಚೀರಿಕೊಂಡು ಇಳಿದು ಅಂಗಡಿಗೆ ಬಂದಳು. ನಾನು ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ಬಿಸಾಡಿ ಮೆಟ್ಟಿಲು ಹತ್ತಿದೆ. ಅಕ್ಕ ಹೊಲಿಗೆ ಯಂತ್ರದ ಪಕ್ಕ ನೆಲಕ್ಕೆ ಬಿದ್ದಿದ್ದರು. ಮೈ ಮುಟ್ಟಲಾಗದಷ್ಟು ಸುಡುತ್ತಿತ್ತು, ಒಂದು ಹನಿ ಬೆವರಿಲ್ಲ. ನನ್ನ ಮುಖ ನೋಡಿ "ಅಮ್ಮಾ, ಬಂದ್ಯಾ?" ಎಂದರು. ನಿಮ್ಮ ತಾಯಿ ಹೋಗಿ ಎಷ್ಟು ಕಾಲವಾಯಿತು! ಆಟೋ ಹಿಡಿದು ಆಸ್ಪತ್ರೆಗೆ ಸಾಗಿಸಿದೆ. ಆಸ್ಪತ್ರೆಯಲ್ಲಿ ಡಾಕ್ಟರು, "ಇವ್ರು ಬಿಸಿಲಲ್ಲಿ ಕೆಲ್ಸ ಮಾಡೋರಾ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ, ಮನೆಯೊಳಗೇ ಇದ್ರು, ಕಿಟಕಿ ಪಕ್ಕದಲ್ಲೇ ಕೂತಿದ್ರು" ಎಂದೆ. ಅವರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಹೊರಡುವಾಗ ನನ್ನನ್ನು ಮಾತ್ರ ಪಕ್ಕಕ್ಕೆ ಕರೆದು, "ಇನ್ನೊಂದ್ಸಲ ಹೀಗಾದ್ರೆ ಜೀವ ಉಳಿಯುತ್ತೆ ಅಂತ ನಾನು ಹೇಳಲ್ಲಮ್ಮ, ಆ ಕೋಣೆಯ ಶಾಖ ಮೊದ್ಲು ಇಳಿಸಿ" ಎಂದರು. ಈಗ ಹುಷಾರಾಗಿದ್ದಾರೆ. ನಿನ್ನೆಯವರೆಗೂ ನಮ್ಮ ಮನೆಯಲ್ಲಿ, ಮಗಳ ಕೋಣೆಯಲ್ಲಿ ಮಲಗಿಸಿದ್ದೆ.

ಆ ಕೋಣೆಗೆ ಶಾಖ ಎಲ್ಲಿಂದ ಬಂತು ಎಂದು ನಿಮಗೆ ಬಿಡಿಸಿ ಹೇಳಬೇಕೇ? ನಮ್ಮ ಕಟ್ಟಡದ ನಡುವೆ ನೆಲದಿಂದ ಮಾಳಿಗೆಯವರೆಗೆ ಗಾಳಿಬೆಳಕಿಗೆಂದು ಬಿಟ್ಟ ಸಂದು ಇದೆಯಲ್ಲ, ಅದರೊಳಗೆ ಎಲ್ಲರ ಮನೆಯ ಏಸಿಯ ಹೊರಗಿನ ಪೆಟ್ಟಿಗೆಗಳನ್ನು ನೇತುಹಾಕಿದ್ದು ನಾವೇ. ಬೀದಿಯ ಕಡೆ ಹಾಕಿದರೆ ಕಟ್ಟಡದ ಅಂದ ಕೆಡುತ್ತದೆ ಎಂದು ಮಾಲೀಕರು ಬೇಡ ಅಂದರು. ಸಂದಿನಲ್ಲಾದರೆ ಪೈಪೂ ಚಿಕ್ಕದು ಸಾಕು, ಕೆಲಸವೂ ಬೇಗ ಮುಗಿಯುತ್ತದೆ, ನೋಡುವವರ ಕಣ್ಣಿಗೂ ಬೀಳುವುದಿಲ್ಲ. ಕೆಲಸ ಮುಗಿದ ಮೇಲೆ ನೀವು ಗಿರಾಕಿಯನ್ನು ಕರೆದು ಪೆಟ್ಟಿಗೆಯ ಹಿಂದೆ ಕೈಯೊಡ್ಡಿಸಿ, "ನೋಡಿ, ನಿಮ್ಮ ಕೋಣೆಯ ಬಿಸಿಯೆಲ್ಲ ಇಲ್ಲಿ ಬಂತು!" ಎಂದು ನಗುತ್ತೀರಲ್ಲ, ಆ ನಗು ನನಗೆ ಎಷ್ಟು ಇಷ್ಟ. ಹಿಂದೆ ಬಿಸಿ ಜೋರಾಗಿ ಬಂದಷ್ಟೂ ಕೆಲಸ ಚೊಕ್ಕವಾಗಿದೆ ಎಂದು ನಾನೂ ನಿಮ್ಮಿಂದಲೇ ಕಲಿತೆ. ಆ ಬಿಸಿ ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತದೆ ಎಂದು ಒಬ್ಬ ಗಿರಾಕಿಯೂ ಕೇಳಲಿಲ್ಲ, ನಾವೂ ನಮ್ಮನ್ನು ಕೇಳಿಕೊಳ್ಳಲಿಲ್ಲ. ಬಿಸಿ ಗಾಳಿ ಮೇಲಕ್ಕೇ ಏರುತ್ತದೆ ಎಂದು ಗೊತ್ತಿಲ್ಲದವರಾದರೂ ಆಗಿದ್ದರೆ ಒಂದು ಮಾತಾಗಿತ್ತು. ನಾವು ಅನ್ನ ತಿನ್ನುವುದೇ ಆ ವಿದ್ಯೆಯಿಂದ.

ಸಂದಿನ ಮೇಲಿನ ತುದಿಯಲ್ಲಿ ಅಕ್ಕನ ಕಿಟಕಿ. ಸೂಜಿಗೆ ದಾರ ಪೋಣಿಸಲು ಬೆಳಕು ಬೇಕು ಎಂದು ಅವರು ಯಂತ್ರವನ್ನು ಆ ಕಿಟಕಿಗೇ ಅಂಟಿಸಿ ಇಟ್ಟುಕೊಂಡವರು. ಫ್ಯಾನ್ ಹಾಕಿದರೆ ಕತ್ತರಿಸಿದ ತೆಳು ಬಟ್ಟೆಯೆಲ್ಲ ಹಾರಿಹೋಗುತ್ತದೆ, ಹಾಗಾಗಿ ಫ್ಯಾನ್ ಇಲ್ಲ. ಏಸಿ ಹಾಕಿಸೋಣ ಎಂದರೆ "ನಾನೇನು ಕೆಟ್ಟುಹೋಗೋ ಪದಾರ್ಥನಾ, ತಣ್ಣಗಿಡೋಕೆ?" ಎನ್ನುತ್ತಿದ್ದರು. ನಾವೆಲ್ಲ ನಕ್ಕು ಸುಮ್ಮನಾಗುತ್ತಿದ್ದೆವು. ಕೆಳಗಿನ ಮನೆಯ ಪೆಟ್ಟಿಗೆ ಕಕ್ಕಿದ ಬಿಸಿಯನ್ನು ಅದರ ಮೇಲಿನದು ಎಳೆದುಕೊಂಡು, ತನ್ನದನ್ನೂ ಸೇರಿಸಿ ಇನ್ನೂ ಮೇಲಕ್ಕೆ ದೂಡುತ್ತದೆ. ಹೋದ ವರ್ಷ ಮೂರನೇ ಮಹಡಿಯವರು "ತಂಪೇ ಆಗ್ತಿಲ್ಲ" ಎಂದು ಬಂದರಲ್ಲ, ಆಗ ನಾವು ಏನು ಮಾಡಿದೆವು? ಹಳೆಯದನ್ನು ಕಿತ್ತು ದೊಡ್ಡದು ಹಾಕಿದೆವು. ಅದರ ಬಿಸಿ ಇನ್ನೂ ಜೋರು. ಅದೂ ಅಕ್ಕನ ಕಿಟಕಿಗೇ ಹೋಯಿತು.

ಆಸ್ಪತ್ರೆಯಿಂದ ಬಂದ ಮಾರನೆಯ ದಿನ, ಒಳಗಿನ ತಂಪು ನೋಡಲು ಇಟ್ಟುಕೊಂಡಿರುವ ನಮ್ಮ ಥರ್ಮಾಮೀಟರನ್ನು ಅಕ್ಕನ ಕಿಟಕಿಯಿಂದ ಹೊರಗೆ ಹಿಡಿದೆ. ಕೆಟ್ಟಿದೆ ಎಂದುಕೊಂಡು ಅಂಗಡಿಗೆ ಹೋಗಿ ಇನ್ನೊಂದನ್ನು ತಂದೆ. ಅದೂ ಅಷ್ಟೇ ತೋರಿಸಿತು. ಬೀದಿಯ ಬಿಸಿಲಿಗಿಂತ ಅಲ್ಲೇ ಹೆಚ್ಚು! ಅಲ್ಲೇ ಅಕ್ಕನ ಕುರ್ಚಿಯಲ್ಲಿ ಕುಳಿತು ಅತ್ತುಬಿಟ್ಟೆ. ನಿಮ್ಮನ್ನು ಸಾಕಿದ ಕೈಗಳು ದಿನವೂ ಈ ಉರಿಯಲ್ಲಿ ಕುಳಿತು ಹೊಲಿಯುತ್ತಿದ್ದವು, ನಾವು ಎರಡು ಮಹಡಿ ಕೆಳಗೆ ಹೊದಿಕೆ ಹೊದ್ದು ಮಲಗುತ್ತಿದ್ದೆವು.

ಅತ್ತದ್ದು ಸಾಕು ಎಂದು ಸೆರಗು ಸಿಕ್ಕಿಸಿಕೊಂಡು ಮನೆಮನೆಗೂ ಹೋದೆ. ಮಧ್ಯಾಹ್ನದ ಹೊತ್ತು, ಅಕ್ಕ ಹೊಲಿಯುವ ವೇಳೆಯಷ್ಟಾದರೂ, ಎಲ್ಲರೂ ಏಸಿ ಆರಿಸಿಡಿ ಎಂದು ಕೈಮುಗಿದು ಕೇಳಿದೆ. ಯಾರೂ ಇಲ್ಲ ಎನ್ನಲಿಲ್ಲ. ಎಲ್ಲರಿಗೂ ಅಕ್ಕ ಎಂದರೆ ಪ್ರಾಣ, ಎಲ್ಲರ ಮೈಮೇಲೂ ಅವರು ಹೊಲಿದ ಬಟ್ಟೆ ಇದೆ. "ಅಯ್ಯೋ, ಅದಕ್ಕೇನಂತೆ, ಖಂಡಿತ!" ಎಂದರು. ಮೊದಲ ದಿನ ಸಂದು ಎಷ್ಟು ಸದ್ದಿಲ್ಲದೆ ಇತ್ತೆಂದರೆ ಕೆಳಗಿನ ಮನೆಯ ನಲ್ಲಿ ತೊಟ್ಟಿಕ್ಕುವುದು ಮೇಲಕ್ಕೆ ಕೇಳಿಸುತ್ತಿತ್ತು. ನಾನು ಅಕ್ಕನ ಕಿಟಕಿಯಲ್ಲಿ ನಿಂತು ಹೆಮ್ಮೆಪಟ್ಟೆ. ಮಾರನೆಯ ಮಧ್ಯಾಹ್ನ ಎಲ್ಲೋ ಗುರ್ ಎಂದು ಒಂದು ಶುರುವಾಯಿತು. ಆಮೇಲೆ ಇನ್ನೊಂದು. ಆಮೇಲೆ ಎಲ್ಲ.

ಜಗಳಕ್ಕೆಂದೇ ಇಳಿದು ಹೋದೆ, ನನ್ನ ಬಾಯಿ ನಿಮಗೆ ಗೊತ್ತಲ್ಲ. ಆದರೆ ಯಾರ ಜೊತೆ ಜಗಳವಾಡಲಿ, ಹೇಳಿ? ಕೆಳಗಿನ ಮನೆಯ ರಾತ್ರಿ ಪಾಳಿಯ ಅಣ್ಣ ಹಗಲಲ್ಲೇ ಮಲಗಬೇಕು. ಆರಿಸಿಟ್ಟ ದಿನ ನಿದ್ದೆಗೆಟ್ಟು ಕೆಲಸಕ್ಕೆ ಹೋಗಿ ಬೆರಳು ಜಜ್ಜಿಸಿಕೊಂಡಿದ್ದಾನೆ, ಪಟ್ಟಿ ಕಟ್ಟಿದ ಕೈಯಲ್ಲೇ ಬಾಗಿಲು ತೆಗೆದ. ಮೇಷ್ಟ್ರಿಗೆ ಉಬ್ಬಸ, ಅವರು ಮಾತೇ ಆಡಲಾಗದೆ ಎದೆ ತೋರಿಸಿದರು. ಔಷಧಿ ಅಂಗಡಿಯವರು ಸೆಕೆ ತಗಲಬಾರದ ಇಂಜೆಕ್ಷನ್‌ಗಳನ್ನು ಮನೆಯಲ್ಲೂ ಇಟ್ಟುಕೊಂಡಿದ್ದಾರೆ. ಒಬ್ಬೊಬ್ಬರದೂ ನಿಜ. ನಾನು ಏರಿದ ದನಿ ಇಳಿಸಿಕೊಂಡು ವಾಪಸು ಬಂದೆ. ಬಂದು ನೋಡಿದರೆ ನಮ್ಮ ಮನೆಯದೂ ಓಡುತ್ತಿತ್ತು. ಅಕ್ಕ ಮಲಗಿದ್ದಾರಲ್ಲ ಎಂದು ನಾನೇ ಹಾಕಿಟ್ಟು ಹೋಗಿದ್ದೆ. ಅಕ್ಕನನ್ನು ಬದುಕಿಸಲು ಅಕ್ಕನ ಕೋಣೆಯನ್ನೇ ಸುಡುತ್ತಿದ್ದೇನೆ, ಇದಕ್ಕೆ ಏನೆನ್ನುತ್ತೀರಿ?

ನಿಮ್ಮ ಮಗಳ ಮಾತು ಕೇಳಿ. ಈ ಕಾಲಕ್ಕೆ ಮನುಷ್ಯರ ಯುಗ ಎಂದು ಹೆಸರಿಡಬೇಕೋ ಬೇಡವೋ ಎಂದು ಪಂಡಿತರು ವಾದ ಮಾಡುತ್ತಿದ್ದಾರಂತೆ, ಅವಳ ಪುಸ್ತಕದಲ್ಲಿದೆ. "ನಮ್ಮ ಹೆಸರಿಡೋವಂಥ ಘನಕಾರ್ಯ ಏನು ಮಾಡಿದೀವಂತೆ?" ಎಂದು ಕೇಳಿದೆ. "ಈ ಸಂದಿನಲ್ಲಿ ಮಾಡಿದ್ದನ್ನೇ ಅಮ್ಮಾ, ಇಡೀ ಭೂಮಿಗೆ ಮಾಡಿದೀವಿ" ಎಂದಳು. ಈ ಪೆಟ್ಟಿಗೆಗಳ ಕರೆಂಟಿಗೆ ಎಲ್ಲೋ ಕಲ್ಲಿದ್ದಲು ಸುಡುತ್ತಾರಂತೆ, ಅದರ ಹೊಗೆಯಿಂದ ಸೆಕೆ ಹೆಚ್ಚಾಗಿ ಜನ ಇನ್ನಷ್ಟು ಏಸಿ ಕೊಳ್ಳುತ್ತಾರಂತೆ. ಹಳೆಯ ಯಂತ್ರ ಬಿಚ್ಚುವಾಗ ಉಳಿದ ಗ್ಯಾಸನ್ನು ಫುಸ್ಸೆಂದು ಗಾಳಿಗೆ ಬಿಟ್ಟುಬಿಡುತ್ತೇವಲ್ಲ, ಅದು ಹೊಗೆಗಿಂತ ಎಷ್ಟೋ ಪಾಲು ಕೆಟ್ಟದ್ದಂತೆ. ನನಗೆ ರೇಗಿಹೋಯಿತು. "ಹಾಗಾದ್ರೆ ನೀನು ಏಸಿ ಇಲ್ಲದೆ ಓದು" ಎಂದೆ. ಅವಳು ಹಠಮಾರಿ, ಯಾರ ಮಗಳು ಹೇಳಿ! ಪುಸ್ತಕ ಎತ್ತಿಕೊಂಡು ಬಂದು ನಡುಮನೆಯ ನೆಲದ ಮೇಲೆ ಒದ್ದೆ ಟವೆಲ್ ಹೊದ್ದು ಕುಳಿತಳು. ಸ್ವಲ್ಪ ಹೊತ್ತಿಗೆ ಪುಸ್ತಕದ ಮೇಲೇ ತಲೆಯಿಟ್ಟು ನಿದ್ದೆಹೋದಳು, ಕತ್ತಿನ ತುಂಬ ಬೆವರುಸಾಲೆ. ನಾನು ತಡೆಯಲಾಗದೆ ಎಬ್ಬಿಸಿ ಅಕ್ಕನ ಪಕ್ಕ, ತಂಪಿಗೆ ಕಳಿಸಿದೆ. ಅವಳು ಪುಸ್ತಕವನ್ನು ನೆಲದ ಮೇಲೇ ಬಿಟ್ಟುಹೋದಳು.

ಪೆಟ್ಟಿಗೆಗಳನ್ನೆಲ್ಲ ಮಾಳಿಗೆಗೆ ಏರಿಸಿಬಿಡೋಣ ಎಂದು ನೀವು ಈಗ ಲೆಕ್ಕ ಹಾಕುತ್ತಿರುತ್ತೀರಿ. ನಾನೂ ಹಾಕಿದೆ. ಮಾಳಿಗೆಯೆಂದರೆ ಅಕ್ಕನ ತಲೆಯ ಮೇಲಿನ ಚಾವಣಿಯೇ. ಸಂದಿನ ಬಾಯಿಗೆ ದೊಡ್ಡ ಫ್ಯಾನ್ ಇಟ್ಟು ಬಿಸಿಯನ್ನು ಎಳೆದು ಹಾಕೋಣವೆಂದರೆ, ಅದು ಹೋಗಿ ಬೀಳುವುದು ಹಿಂದಿನ ಬೀದಿಯ ತಗಡಿನ ಮನೆಗಳ ಮೇಲೆ. ಎಲ್ಲಿ ಅಂತ ಹಾಕುವುದು? ಕಸವಾದರೆ ಹೂಳಬಹುದಿತ್ತು. ಅಕ್ಕನಿಗೆ ಇಲ್ಲೇ ಕೆಳಗೆ ಇದ್ದುಬಿಡಿ ಎಂದು ಗೋಗರೆದೆ. "ಗಿರಾಕಿಗಳು ಬಂದು ಬಾಗಿಲು ಬಡೀತಾರೆ, ನನಗೆ ನನ್ನ ಬೆಳಕು ಬೇಕು, ನಿಮ್ಮನೇಲಿ ಹಗಲೂ ದೀಪ ಹಾಕ್ಕೊಂಡು ಕೂತಿರ್ತೀರಿ" ಎನ್ನುತ್ತಾರೆ. ಅದೂ ನಿಜವೇ. ತಂಪು ಹೊರಗೆ ಹೋಗದಿರಲೆಂದು ಕಿಟಕಿಗಳನ್ನೆಲ್ಲ ಮುಚ್ಚಿ ಪರದೆ ಎಳೆದು ಎಷ್ಟು ಕಾಲವಾಯಿತೋ, ನನಗೇ ನೆನಪಿಲ್ಲ. ಇವತ್ತು ಬೆಳಿಗ್ಗೆ ನಾನು ಅಂಗಡಿ ತೆಗೆಯುವಷ್ಟರಲ್ಲಿ ಮೆಟ್ಟಿಲು ಹತ್ತಿ ಮೇಲೆ ಹೋಗಿಬಿಟ್ಟಿದ್ದಾರೆ. ಹೊಲಿಗೆ ಯಂತ್ರದ ಸದ್ದು ಸಂದಿನಿಂದ ಕೇಳುತ್ತಿದೆ. ಸದ್ದು ನಿಂತಾಗಲೆಲ್ಲ ಪೆನ್ನು ಇಟ್ಟು ಕಿವಿಗೊಡುತ್ತೇನೆ, ದಾರ ಬದಲಿಸುತ್ತಿರಬಹುದು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ನಿಮ್ಮನ್ನು ದೂರುತ್ತಿಲ್ಲ. ನಾನೂ ನಿಮ್ಮ ಜೊತೆ ಏಣಿ ಹಿಡಿದವಳೇ. ಜನ ಬೆವರು ಒರೆಸಿಕೊಂಡು ಬಂದು ಹಾಯಾಗಿ ಹೋಗುವ ಕೆಲಸ ನಮ್ಮದು ಎಂದು ಎಷ್ಟು ಖುಷಿಯಾಗಿದ್ದೆವು! ಆ ಖುಷಿ ಸುಳ್ಳೇನಲ್ಲ. ಅದಕ್ಕೇ ಸಂಕಟ ಇನ್ನೂ ಹೆಚ್ಚು. ಬೇರೆಯವರಿಗೆ ಕೇಡು ಬಯಸಿ ಮಾಡಿದ್ದಾದರೆ ಇವತ್ತೇ ಬಿಟ್ಟುಬಿಡಬಹುದಿತ್ತು.

ಅಲ್ಲಿ ಕೆಲಸ ಮುಗಿಸಿ ಬೇಗ ಬನ್ನಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ, ನೀರು ಕುಡಿಯಿರಿ. ಮಗಳು ಅಪ್ಪನಿಗೆ ಮುತ್ತು ಕಳಿಸಿದ್ದಾಳೆ. ನಿಮ್ಮಕ್ಕ, ಪತ್ರದಲ್ಲಿ ಅವರ ವಿಷಯ ಇಲ್ಲ ಎಂದು ನಂಬಿಕೊಂಡು, ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ನಾನು ಏನು ಕಳಿಸಲಿ? ಎಲ್ಲ ಬರೆದಾಯಿತು.

ನಿಮ್ಮ ದಾರಿ ಕಾಯುತ್ತಿರುವ,
ನಿಮ್ಮವಳು

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಕ್ಕ ಮೇಲಿನಿಂದ ಕರೆದರು. ಹೋದರೆ ಯಂತ್ರದ ಮೇಲೆ ಎರಡೂ ಕೈ ಊರಿಕೊಂಡು ಕುಳಿತಿದ್ದರು, ಮುಖವೆಲ್ಲ ಕೆಂಪು. "ಆಗಲ್ಲ ಕಣೇ. ನನಗೂ ಒಂದು ಹಾಕಿಬಿಡು, ಇವತ್ತೇ ಹಾಕು" ಎಂದರು. ಈ ಮಾತು ಅವರ ಬಾಯಿಂದ ಬರಲಿ ಎಂದು ಎಷ್ಟು ಸಲ ಕಾಡಿದ್ದೆ, ಇವತ್ತು ಯಾಕಾದರೂ ಬಂತೋ ಅನ್ನಿಸಿತು. ಅವರನ್ನು ಮಗಳ ಕೋಣೆಗೆ ಇಳಿಸಿ, ಅಂಗಡಿಯಲ್ಲಿದ್ದ ಸಣ್ಣ ಏಸಿಯನ್ನು ಮೇಲಕ್ಕೆ ಸಾಗಿಸಿಯಾಯಿತು. ಸಂದಿನಲ್ಲಿ ಇನ್ನು ಜಾಗವಿಲ್ಲ. ಪೆಟ್ಟಿಗೆ ಹಾಕಲು ಉಳಿದಿರುವುದು ಪಕ್ಕದ ಗೋಡೆಯೊಂದೇ. ಅಳತೆಗೆಂದು ಅಡುಗೆಮನೆ ಕಿಟಕಿಯಿಂದ ಹೊರಗೆ ಬಗ್ಗಿದರೆ, ಕೈಗೆಟುಕುವಷ್ಟು ಹತ್ತಿರದಲ್ಲಿ ಆಚೆ ಕಟ್ಟಡದ ಕಿಟಕಿ. ಹೊಸದಾಗಿ ಬಂದವರು ಇರಬೇಕು, ಚಿಕ್ಕ ವಯಸ್ಸಿನ ಹುಡುಗಿ, ಕಿಟಕಿಗೆ ತಾಗಿಸಿ ತೊಟ್ಟಿಲು ಹಾಕಿದ್ದಾಳೆ. ನನ್ನನ್ನು ನೋಡಿ ನಕ್ಕು, "ಇಲ್ಲಿ ಒಳ್ಳೇ ಗಾಳಿ ಬರುತ್ತೆ ಅಕ್ಕಾ, ಪಾಪು ಇಲ್ಲಾದ್ರೆ ಮಾತ್ರ ಮಲಗೋದು" ಎಂದಳು. ನಾನೂ ನಕ್ಕೆ. ಪತ್ರ ಮುಟ್ಟುವವರೆಗೆ ಕಾಯಲು ಆಗುವುದಿಲ್ಲ, ಗೊತ್ತು. ಈ ಸಲ ಫೋನಿನಲ್ಲಿ ನೀವು ಹೂಂ ಎಂದರೂ ಸಾಕು ಅನ್ನಿಸುತ್ತಿದೆ. ರೀ, ಡ್ರಿಲ್ ಕೈಯಲ್ಲಿದೆ, ಮಗು ಮಲಗಿದೆ.