ಎದ್ದು ಹೋದವರ ಜಾಗ

ಬುಧವಾರ, ಮಧ್ಯಾಹ್ನ
ಅಕ್ಕನ ಮನೆಯ ಊಟದ ಮೇಜಿನಿಂದ

ಮಾನ್ಯ ‘ಇನ್ನೊಂದ್ಸಲ’ ಅವರಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ಕೆಲಸದ ಪತ್ರ. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಏನೇನೋ ಕಲ್ಪಿಸಿಕೊಳ್ಳಬೇಡಿ. ಮೊಬೈಲಿನಲ್ಲಿ ಬರೆದರೆ ಬರೆದ ಕೈಯಲ್ಲೇ ಕಳಿಸಿಬಿಡುತ್ತೇನೆ, ಆಮೇಲೆ ನಾಲಿಗೆ ಕಚ್ಚಿಕೊಳ್ಳುತ್ತೇನೆ. ಅದು ನಿಮಗೂ ಗೊತ್ತು. ಅದಕ್ಕೇ ಈ ಕಾಗದ, ಪೆನ್ನು. ಪೆನ್ನು ಅಕ್ಕನದು, ತಾನು ಕೆಲಸ ಮಾಡುವ ಔಷಧಿ ಅಂಗಡಿಯಿಂದ ಎತ್ತಿಕೊಂಡು ಬಂದದ್ದು. ಆಗಾಗ ಮುಷ್ಕರ ಹೂಡುತ್ತದೆ.

ನಾನು ಇಲ್ಲಿಗೆ ಬಂದು ಏಳು ತಿಂಗಳಾಯಿತು. ಯಾರು ಮೊದಲು ಮಾತಾಡಬೇಕು ಅನ್ನುವ ಹಟದಲ್ಲಿ ನಾವಿಬ್ಬರೂ ಗೆದ್ದಿದ್ದೇವೆ. ಮನೆಯಲ್ಲಿ ನೀವೊಬ್ಬರೇ, ಇಲ್ಲಿ ಅಕ್ಕನಿದ್ದರೂ ನಾನೊಬ್ಬಳೇ. ಈ ಗೆಲುವು ಸಾಕಾಗಿ ಹೋಗಿದೆ ಅನ್ನುವುದನ್ನು ಮಾತ್ರ ಇಲ್ಲಿ ದಾಖಲಿಸಿ ಮುಂದಕ್ಕೆ ಹೋಗುತ್ತೇನೆ.

ವಿಷಯ ಇಷ್ಟು. ನೀವು ನಮ್ಮ ಆಫೀಸು ಬಿಡುವ ಮುಂಚೆ ಬರೆದಿಟ್ಟು ಹೋದ ಗ್ರಂಥಾಲಯದ ಪ್ರೋಗ್ರಾಮನ್ನು ಮ್ಯಾನೇಜರ್ ತಂದು ನನ್ನ ತಲೆಗೆ ಕಟ್ಟಿದರು. ಪುಸ್ತಕ ಹೊರಗೆ ಹೋಗಿದ್ದರೆ ಓದುಗರು ಕಾಯುವ ಪಟ್ಟಿಗೆ ಹೆಸರು ಸೇರಿಸುತ್ತಾರಲ್ಲ, ಅದಕ್ಕೊಂದು ಹೊಸ ಫೀಚರ್ ಬೇಕಾಯಿತಂತೆ. ಆಸ್ಪತ್ರೆಗೋ ಪರವೂರಿಗೋ ಹೋಗುವವರು ಪಟ್ಟಿಯಿಂದ ಸ್ವಲ್ಪ ದಿನ ಎದ್ದು ಹೋಗಿ, ಬಂದ ಮೇಲೆ ತಮ್ಮ ಹಳೆಯ ಜಾಗಕ್ಕೇ ಮರಳಬೇಕು. ಇಷ್ಟೇ. ಕೇಳಿದ ಕೂಡಲೇ ಇದೇನು ಮಹಾ ಅಂದುಕೊಂಡೆ. ಒಂದೂವರೆ ದಿನದಲ್ಲಿ ಬರೆದು ಮುಗಿಸಿ ಇಡೀ ಆಫೀಸಿಗೆ ಕೇಳುವಂತೆ ‘ಆಯ್ತು’ ಅಂದೆ. ಕಾಫಿ ಮಷಿನ್ ಹತ್ತಿರ ನಿಂತವರೆಲ್ಲ ನಕ್ಕರು. ನೀವು ಹೋದರೂ ನೀವಿಟ್ಟ ಹೆಸರು ಹೋಗಿಲ್ಲ, ನಾನು ಇನ್ನೂ ಅಲ್ಲಿ ಆಯ್ತಮ್ಮನೇ. ಎಲ್ಲದಕ್ಕೂ ‘ಇನ್ನೊಂದ್ಸಲ ನೋಡೋಣ’ ಅನ್ನುವ ನಿಮಗೆ ನಾನಿಟ್ಟ ಹೆಸರೂ ಹಾಗೇ ಇದೆ.

ಆಮೇಲೆ ಬರೆದದ್ದು ಸರಿಯಿದೆಯೇ ಎಂದು ಪರೀಕ್ಷಿಸಲು ನಿಮ್ಮ ಟೆಸ್ಟುಗಳನ್ನು ಓಡಿಸಿದೆ. ಇನ್ನೂರ ಹನ್ನೆರಡು! ಒಂದು ಕಾಯುವ ಪಟ್ಟಿಗೆ ಇನ್ನೂರ ಹನ್ನೆರಡು ಕಾವಲುಗಾರರನ್ನು ನಿಲ್ಲಿಸಿ ಹೋಗಿದ್ದೀರಲ್ಲ ಮಹಾರಾಯರೇ. ಅವುಗಳಲ್ಲಿ ಒಂಬತ್ತು ಫೇಲಾಗಿ ಕೆಂಪಾದವು. ಒಂದೊಂದರ ಹೆಸರೂ ನೀವೇ ಎದುರಿಗೆ ನಿಂತು ಗದರಿದ ಹಾಗೆ. ‘ಪಟ್ಟಿ ಖಾಲಿಯಿದ್ದರೂ ಕೆಡಬಾರದು.’ ‘ಒಂದೇ ಗುಂಡಿಯನ್ನು ಎರಡು ಸಲ ಒತ್ತಿದರೂ ಹೆಸರು ಒಂದೇ ಸಲ ಬರಬೇಕು.’ ಹಲ್ಲು ಕಚ್ಚಿಕೊಂಡು ಎಂಟನ್ನು ಸರಿಮಾಡಿದೆ. ಒಂಬತ್ತನೆಯದು ಮಾತ್ರ ಜಪ್ಪಯ್ಯ ಅಂದರೂ ಹಸಿರಾಗಲಿಲ್ಲ. ಅದರ ಹೆಸರು, ‘ಒಂದು ಜಾಗದಲ್ಲಿ ಇಬ್ಬರು ನಿಲ್ಲಬಾರದು.’

ಈಗ ತಪ್ಪೊಪ್ಪಿಗೆ. ನನಗೆ ರೇಗಿಹೋಯಿತು. ಈ ಟೆಸ್ಟೇ ಹಳೆಯದು, ಹೊಸ ಫೀಚರಿಗೆ ಇದು ಹೊಂದುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು, ಅದರ ನೆತ್ತಿಯ ಮೇಲೆ ‘ಸದ್ಯಕ್ಕೆ ಬಿಡು’ ಅನ್ನುವ ಗುರುತು ಹಾಕಿ ಬಾಯಿ ಮುಚ್ಚಿಸಿದೆ. ಎಲ್ಲವೂ ಹಸಿರು ಹಸಿರು. ಓದುತ್ತಾ ನಿಮ್ಮ ಹುಬ್ಬು ಎಲ್ಲಿಗೆ ಏರಿರಬಹುದು ಅಂತ ನನಗೆ ಇಲ್ಲಿಂದಲೇ ಕಾಣುತ್ತಿದೆ.

ಕಳೆದ ಗುರುವಾರ ಗ್ರಂಥಾಲಯದಲ್ಲಿ ಪ್ರಯೋಗಕ್ಕೆ ಇಟ್ಟೆವು. ಗೋಡೆ ಗಡಿಯಾರ ರಿಪೇರಿ ಮಾಡುವುದನ್ನು ಹೇಳಿಕೊಡುವ ಒಂದು ಪುಸ್ತಕವಿದೆ. ಇರುವುದು ಒಂದೇ ಪ್ರತಿ, ಕಾಯುವವರು ಆರು ಜನ. ಅವರಲ್ಲಿ ಮೊದಲನೆಯವರು ಒಬ್ಬ ನಿವೃತ್ತ ರೈಲ್ವೆ ಗಾರ್ಡ್. ಕಣ್ಣಿನ ಆಪರೇಷನ್‌ಗೆಂದು ಎದ್ದು ಹೋಗಿದ್ದರು, ಈಗ ಮರಳಿ ಬಂದಿದ್ದರು. ನನ್ನ ಪ್ರೋಗ್ರಾಮ್ ಅವರನ್ನು ಮರ್ಯಾದೆಯಿಂದ ಮೊದಲನೆಯ ಜಾಗಕ್ಕೆ ಕೂರಿಸಿತು. ಆದರೆ ಅಷ್ಟರಲ್ಲಿ ಆ ಜಾಗಕ್ಕೆ ಸರಿದಿದ್ದ ಭೂಗೋಳದ ಟೀಚರನ್ನು ಒಂದು ಹೆಜ್ಜೆ ಹಿಂದಕ್ಕೆ ಕಳಿಸುವುದನ್ನು ಮರೆತಿತು. ಮರೆತಿತು ಏನು, ನಾನು ಹೇಳಿಯೇ ಇರಲಿಲ್ಲ. ಇಬ್ಬರಿಗೂ ‘ನಿಮ್ಮ ಸರದಿ ಬಂದಿದೆ’ ಎಂದು ಸಂದೇಶ ಹೋಯಿತು. ಇಬ್ಬರೂ ಒಂದೇ ಗಂಟೆಯಲ್ಲಿ ಕೌಂಟರಿಗೆ ಬಂದರು.

ಆ ದೃಶ್ಯ ನೀವು ನೋಡಬೇಕಿತ್ತು. ಪುಸ್ತಕದ ಒಂದು ತುದಿ ಗಾರ್ಡ್ ಸಾಹೇಬರ ಕೈಯಲ್ಲಿ, ಇನ್ನೊಂದು ತುದಿ ಟೀಚರ ಕೈಯಲ್ಲಿ. ಇಬ್ಬರೂ ಬಹಳ ಸಭ್ಯರು, ನಗುನಗುತ್ತಲೇ ಎಳೆಯುತ್ತಿದ್ದರು. ‘ನಾನು ಕಣ್ಣು ಕೊಯ್ಸೋಕ್ಕೂ ಮುಂಚೆಯಿಂದ ಕಾಯ್ತಿದೀನಿ ತಾಯಿ’ ಎಂದು ಅವರು. ‘ನನ್ನ ಮೊಬೈಲ್ ನೋಡಿ ಸರ್, ನಂದೇ ಅಂತ ಬರೆದಿದೆ’ ಎಂದು ಇವರು. ಗ್ರಂಥಪಾಲಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಏನರ್ಥ ಅಂತ ನಿಮಗೆ ಗೊತ್ತೇ ಇದೆ. ‘ನಿಮ್ಮ ಯಜಮಾನ್ರು ಬರೆದು ಮೂರು ವರ್ಷ ಆಯ್ತಮ್ಮ, ಒಂದ್ಸಲನೂ ಹೀಗಾಗಿರ್ಲಿಲ್ಲ’ ಅಂದರು. ಮಂಗಳವಾರದೊಳಗೆ ಸರಿಹೋಗದಿದ್ದರೆ ಈ ಫೀಚರೇ ಬೇಡ, ಎದ್ದು ಹೋದವರು ಕೊನೆಗೆ ಹೋಗಿ ನಿಲ್ಲಲಿ, ಮೊದಲಿನಿಂದಲೂ ಹಾಗೇ ಇತ್ತಲ್ಲ ಎಂದೂ ಸೇರಿಸಿದರು.

ನಾನು ಅವತ್ತು ಬಸ್ಸು ಹತ್ತದೆ ನಡೆದುಕೊಂಡೇ ಬಂದೆ. ದಾರಿಯುದ್ದಕ್ಕೂ ನಿಮ್ಮನ್ನೇ ಬೈದೆ, ಅಭ್ಯಾಸಬಲ. ಮನೆಗೆ ಬಂದು ಅಕ್ಕನ ಮುಂದೆ ಎಲ್ಲ ಹೇಳಿಕೊಂಡೆ. ಟೆಸ್ಟ್ ಅಂದರೇನು ಅಂತ ಅವಳು ಕೇಳಿದಳು. ನಾವು ಬರೆದದ್ದು ಹೇಳಿದ ಹಾಗೆ ನಡೆಯುತ್ತದೋ ಇಲ್ಲವೋ ಅಂತ ಪ್ರತಿ ಸಲವೂ ತಾನೇ ಪರೀಕ್ಷಿಸಿ ನೋಡುವ ಇನ್ನೊಂದು ಚಿಕ್ಕ ಪ್ರೋಗ್ರಾಮು, ನಿನ್ನ ಭಾವನಿಗೆ ಅದೆಂದರೆ ಪ್ರಾಣ, ನನ್ನ ಮೇಲೆ ನಂಬಿಕೆಯಿಲ್ಲದ ಹಾಗೆ ಎಲ್ಲವನ್ನೂ ಮೂರು ಮೂರು ಸಲ ನೋಡುತ್ತಾರೆ ಅಂದೆ. ಸಿಟ್ಟಿನಲ್ಲಿ ಅವಳ ಭಾವ ಅಂದುಬಿಟ್ಟೆ, ಅವಳು ನನಗಿಂತ ದೊಡ್ಡವಳು ಅನ್ನುವುದೂ ಮರೆತು. ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಹೇಳಿದಳು, ‘ನಾನು ಔಷಧಿ ಕೊಡೋ ಮುಂಚೆ ಚೀಟಿ ಎರಡೆರಡು ಸಲ ನೋಡ್ತೀನಿ ಕಣೇ. ಡಾಕ್ಟ್ರ ಮೇಲೆ ನಂಬಿಕೆ ಇಲ್ಲ ಅಂತನಾ? ತಗೊಳ್ಳೋರಿಗೆ ಏನೂ ಆಗ್ಬಾರ್ದು ಅಂತ.’ ಇಷ್ಟು ಹೇಳಿ ತಟ್ಟೆ ತೊಳೆಯಲು ಎದ್ದು ಹೋದಳು.

ನನಗೆ ನಮ್ಮ ಮನೆಯ ಮೆಟ್ಟಿಲು ನೆನಪಾಯಿತು. ನಾನು ಹಾಕಿದ ಬೀಗವನ್ನು ನೀವು ಎಳೆದು ನೋಡದ ದಿನವಿರಲಿಲ್ಲ. ಒಂದು ದಿನ ಮೂರನೆಯ ಮೆಟ್ಟಿಲಿಂದ ಹಿಂದಕ್ಕೆ ಹೋಗಿ ಎಳೆದಿರಿ, ನನ್ನ ಮೇಲೆ ನಂಬಿಕೆ ಇಲ್ವಾ ಎಂದು ನಾನು ಕೂಗಾಡಿದೆ. ‘ನಂಬಿಕೆ ಬೇರೆ, ನೋಡೋದು ಬೇರೆ’ ಅಂದಿರಿ. ಅದರ ಮುಂದೆ ಇನ್ನೂ ಒಂದೇ ಒಂದು ವಾಕ್ಯ ಹೇಳಿದ್ದರೆ ನಾನು ಪೆಟ್ಟಿಗೆ ಕಟ್ಟುತ್ತಿರಲಿಲ್ಲ. ನೀವು ಹೇಳಲಿಲ್ಲ. ನಾನೂ ಕಾಯಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಬರೆದದ್ದನ್ನೆಲ್ಲ ತೆಗೆದುಹಾಕಿದೆ, ಪೂರ್ತಿ. ನಿಮ್ಮ ದಾರಿಯಲ್ಲೇ ಒಂದು ಸಲ ನಡೆದು ನೋಡೋಣ ಎಂದು ಮೊದಲು ಟೆಸ್ಟ್ ಬರೆದೆ. ಓದುಗ ಒಂದು ಎದ್ದು ಹೋದ. ಓದುಗ ಎರಡು ಮುಂದೆ ಸರಿದ. ಓದುಗ ಒಂದು ಮರಳಿ ಬಂದ. ಈಗ ಯಾರು ಎಲ್ಲಿ? ಓಡಿಸಿದರೆ ಕೆಂಪು, ಇನ್ನೂ ಕೋಡೇ ಇಲ್ಲವಲ್ಲ. ಅದು ಹಸಿರಾಗಲು ಎಷ್ಟು ಬೇಕೋ ಅಷ್ಟೇ ಬರೆದೆ, ಐದು ಸಾಲು. ಹಸಿರು! ರೀ, ಆ ಖುಷಿ ಇದೆಯಲ್ಲ, ಅದನ್ನು ನೀವು ಇಷ್ಟು ವರ್ಷ ಒಬ್ಬರೇ ತಿನ್ನುತ್ತಿದ್ದಿರಿ ಅಂತ ನನಗೆ ಹೊಟ್ಟೆಕಿಚ್ಚಾಯಿತು. ಮತ್ತೊಂದು ಟೆಸ್ಟ್, ಮತ್ತೆ ಕೆಂಪು, ಮತ್ತೆ ನಾಲ್ಕು ಸಾಲು, ಮತ್ತೆ ಹಸಿರು. ಊಟದ ಹೊತ್ತಿಗೆ ನಾನು ಶಿಳ್ಳೆ ಹಾಕುತ್ತಿದ್ದೆನಂತೆ. ಪಕ್ಕದ ಮೇಜಿನವಳು ಬಂದು ಹುಷಾರಾಗಿದ್ದೀರಾ ಅಂತ ವಿಚಾರಿಸಿಕೊಂಡು ಹೋದಳು.

ಕೋಡನ್ನೂ ಚೊಕ್ಕ ಮಾಡಿದೆ. ನನ್ನ ಹಳೆಯದರಲ್ಲಿ ನೂರ ಅರವತ್ತು ಸಾಲಿನ ಒಂದೇ ಫಂಕ್ಷನ್ ಇತ್ತು, ಅದೇ ಪಟ್ಟಿ ಸರಿಸಬೇಕು, ಅದೇ ಸಂದೇಶ ಕಳಿಸಬೇಕು, ಅದೇ ಎಲ್ಲ ಉಳಿಸಿಡಬೇಕು, ಮನೆಗೆ ಬಂದ ಹೊಸ ಸೊಸೆಯ ಹಾಗೆ ಪಾಪ. ಈಗ ಏಳು ಚಿಕ್ಕವು, ಒಬ್ಬೊಬ್ಬರಿಗೆ ಒಂದೊಂದು ಕೆಲಸ. ನಾನಿಟ್ಟಿದ್ದ ‘ಹೊಸದು_2’, ‘ಇದೇ_ಕೊನೆ’, ‘ಇದೇ_ಕೊನೆ_ನಿಜವಾಗಿ’ ಎಂಬ ಹೆಸರುಗಳ ಬದಲು, ಏನು ಮಾಡುತ್ತದೋ ಅದನ್ನೇ ಹೆಸರಾಗಿ ಇಟ್ಟೆ. ಕೊನೆಗೆ ನೀವು ಮಾಡುತ್ತಿದ್ದ ಆ ಹುಚ್ಚಾಟವನ್ನೂ ಮಾಡಿದೆ. ಸರಿಯಿದ್ದ ಒಂದು ಸಾಲನ್ನು ಬೇಕೆಂದೇ ಕೆಡಿಸಿ, ಟೆಸ್ಟ್ ಕೂಗುತ್ತದೋ ಇಲ್ಲವೋ ನೋಡಿದೆ. ಕೂಗಿತು. ಬೀಗ ಎಳೆದು ನೋಡುವುದೆಂದರೆ ಇದೇ ಅಲ್ಲವೇ ಅಂದುಕೊಳ್ಳುತ್ತಾ ಆ ಸಾಲನ್ನು ಮತ್ತೆ ಸರಿಮಾಡಿದೆ.

ಬಾಯಿ ಮುಚ್ಚಿಸಿದ್ದ ಆ ಟೆಸ್ಟಿನ ಗುರುತನ್ನು ತೆಗೆದೆ. ಅದೂ ಹಸಿರಾಯಿತು. ಮನಸ್ಸಿನಲ್ಲೇ ಅದರ ಕ್ಷಮೆ ಕೇಳಿದೆ.

ನಿನ್ನೆ ಎರಡನೆಯ ಪ್ರಯೋಗ. ಗ್ರಂಥಪಾಲಕಿ ಬಿಡಬೇಕಲ್ಲ, ಒಂದು ಗಂಟೆ ಕಾಲ ಪ್ರೋಗ್ರಾಮನ್ನು ಹಿಂಡಿ ಹಿಪ್ಪೆ ಮಾಡಿದರು. ಆರೂ ಜನರನ್ನು ಎಬ್ಬಿಸಿ ಕಳಿಸಿ ಹಿಂದುಮುಂದಾಗಿ ಕರೆಸಿದರು, ಒಬ್ಬರನ್ನು ಎರಡು ಸಲ ಎಬ್ಬಿಸಿದರು. ಜಾಗ ಒಂದೂ ತಪ್ಪಲಿಲ್ಲ. ಕೊನೆಗೆ ಕನ್ನಡಕ ಹಾಕಿಕೊಂಡು, ‘ಈಗ ನೋಡಿ, ನಿಮ್ಮ ಮನೆಯವ್ರೇ ಬರೆದ ಹಾಗಿದೆ’ ಅಂದರು. ನಾನು ಆನಂದದಿಂದ ಅಳುವುದೊಂದು ಬಾಕಿ. ಗಾರ್ಡ್ ಸಾಹೇಬರು ಪುಸ್ತಕ ತೆಗೆದುಕೊಂಡರು. ಟೀಚರೂ ಅವರೂ ಈಗ ಸ್ನೇಹಿತರು, ನಿನ್ನೆ ಸಂಜೆಯೇ ಓದುವ ಕೋಣೆಯಲ್ಲಿ ಒಂದು ನಿಂತುಹೋದ ಗಡಿಯಾರವನ್ನು ಮಧ್ಯೆ ಇಟ್ಟುಕೊಂಡು ಇಬ್ಬರೂ ಸೇರಿ ಬಿಚ್ಚಿದರಂತೆ. ಮತ್ತೆ ಜೋಡಿಸಿದ ಸುದ್ದಿ ಇನ್ನೂ ಬಂದಿಲ್ಲ.

ಇನ್ನೊಂದು ವಿಷಯ ಉಳಿಯಿತು, ಬೇಕೆಂದೇ ಕೊನೆಗೆ ಇಟ್ಟೆ. ಸೋಮವಾರ ನಾನು ಬೇರೆ ಟೆಸ್ಟುಗಳನ್ನು ನೋಡುವಾಗ ‘ಸದ್ಯಕ್ಕೆ ಬಿಡು’ ಅನ್ನುವ ಗುರುತು ಇನ್ನೊಂದು ಕಂಡಿತು. ನಾನು ಹಾಕಿದ್ದಲ್ಲ. ನೀವು ಹಾಕಿದ್ದು, ನೀವು ಆ ಆಫೀಸಿನಲ್ಲಿದ್ದ ಕೊನೆಯ ದಿನ. ಅಂದರೆ ನಾನು ಮನೆ ಬಿಟ್ಟು ಹನ್ನೊಂದು ದಿನವಾದ ಮೇಲೆ. ಹೆಸರು, ‘ಎದ್ದು ಹೋದವರು ಎಷ್ಟು ದಿನದ ಮೇಲೆ ಬಂದರೂ ಅವರ ಜಾಗ ಅವರಿಗಿರಬೇಕು.’ ಕೆಳಗೊಂದು ಟಿಪ್ಪಣಿ, ‘ಈ ಸೌಲಭ್ಯ ಇನ್ನೂ ಇಲ್ಲ. ದಯವಿಟ್ಟು ಅಳಿಸಬೇಡಿ.’ ಉಳಿದ ಇನ್ನೂರ ಹನ್ನೆರಡು ಟೆಸ್ಟುಗಳಲ್ಲೂ ನಿಮ್ಮ ಜನ ಓದುಗ ಒಂದು, ಓದುಗ ಎರಡು, ಅಷ್ಟೇ. ಇದೊಂದರಲ್ಲಿ ಮಾತ್ರ ಎದ್ದು ಹೋದ ಓದುಗಳ ಹೆಸರು ಆಯ್ತಮ್ಮ.

ಬಾಯಿಬಿಟ್ಟು ಹೇಳಬೇಕಾದ್ದನ್ನು ಟೆಸ್ಟಿನಲ್ಲಿ ಬರೆದಿಟ್ಟು, ಅದಕ್ಕೂ ಬಾಯಿ ಮುಚ್ಚಿಸಿ ಹೋಗುವ ಗಂಡಸನ್ನು ಕಟ್ಟಿಕೊಂಡೆನಲ್ಲ, ನನ್ನ ಹಣೆಬರಹಕ್ಕೆ ಏನನ್ನಲಿ! ಗುರುತು ತೆಗೆದು ಓಡಿಸಿದೆ. ಕೆಂಪಾಯಿತು. ನೋಡಿದರೆ ತಪ್ಪು ನನ್ನದೇ, ತೊಂಬತ್ತು ದಿನ ಮೀರಿದರೆ ಜಾಗವಿಲ್ಲ ಎಂದು ನಾನೇ ಯೋಚಿಸದೆ ಒಂದು ಮಿತಿ ಹಾಕಿಟ್ಟಿದ್ದೆ, ಯಾರೂ ಕೇಳದಿದ್ದರೂ. ಗ್ರಂಥಪಾಲಕಿಗೆ ಫೋನ್ ಮಾಡಿ, ಇಷ್ಟು ದಿನ ಅಂತ ಒಂದು ಮಿತಿ ಬೇಡವೇ ಎಂದು ಕೇಳಿದೆ. ‘ಬಂದ್ರೆ ಸಾಕಮ್ಮ, ಜಾಗಕ್ಕೇನಂತೆ’ ಅಂದರು. ಮಿತಿಯನ್ನು ತೆಗೆದುಹಾಕಿ ಮತ್ತೆ ಓಡಿಸಿದೆ. ಈಗ ಇನ್ನೂರ ಹದಿಮೂರೂ ಹಸಿರು, ಹೊಸದಾಗಿ ನಾನು ಬರೆದವು ಬೇರೆ.

ಆದರೆ ಅದು ಗ್ರಂಥಾಲಯದ ನಿಯಮ. ಮನೆಯಲ್ಲೂ ಅದೇ ನಡೆಯುತ್ತದೋ ಇಲ್ಲವೋ ಅಂತ ಓಡಿಸಿ ನೋಡದೆ ಹೇಳಲಾಗುವುದಿಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪೆಟ್ಟಿಗೆಯ ಸಮೇತ ಬರುತ್ತೇನೆ. ಕರೆಗಂಟೆ ಒತ್ತುವುದಿಲ್ಲ, ನನ್ನ ಹತ್ತಿರ ಇರುವ ಕೀಲಿಯಿಂದಲೇ ಬಾಗಿಲು ತೆಗೆಯುತ್ತೇನೆ. ಬೀಗ ಬದಲಾಯಿಸಿದ್ದರೆ, ಅಥವಾ ಕಿಟಕಿಯ ಪಕ್ಕದ ನನ್ನ ಕುರ್ಚಿಯ ಮೇಲೆ ನಿಮ್ಮ ಒಗೆದ ಬಟ್ಟೆಯ ರಾಶಿ ಇದ್ದರೆ, ಈಗಲೇ ಹೇಳಿಬಿಡಿ. ಬಟ್ಟೆಯಾದರೆ ನಾನು ಎತ್ತಿಡುತ್ತೇನೆ.

ಮುಂದೆ ನಾವಿಬ್ಬರೂ ಹೊರಗೆ ಹೊರಟಾಗ ಬೀಗ ನಾನೇ ಹಾಕುತ್ತೇನೆ. ನೀವು ಬೇಕಾದಷ್ಟು ಸಲ ಎಳೆದು ನೋಡಿ. ನಾನು ಮೂರನೆಯ ಮೆಟ್ಟಿಲ ಮೇಲೆ ನಿಂತು ಕಾಯುತ್ತೇನೆ.

ಎಂದಿಗೂ ಅವಸರದವಳಾದ, ಆದರೂ ನಿಮ್ಮವಳೇ ಆದ
ಆಯ್ತಮ್ಮ

ಮರೆತದ್ದು: ಮ್ಯಾನೇಜರ್ ತಲೆಗೆ ಕಟ್ಟಿದರು ಅಂತ ಮೊದಲೇ ಬರೆದೆನಲ್ಲ, ಅದು ಸುಳ್ಳು. ಆಯ್ತಮ್ಮನ ಹೆಸರಿನ ಆ ಟೆಸ್ಟ್ ನನಗೆ ಸಿಕ್ಕಿದ್ದು ಈ ಸೋಮವಾರವೂ ಅಲ್ಲ. ಎರಡು ತಿಂಗಳ ಹಿಂದೆ ಒಂದು ಮಧ್ಯಾಹ್ನ ನಿಮ್ಮ ನೆನಪು ತಡೆಯಲಾರದೆ ನಿಮ್ಮ ಕೋಡನ್ನು ತೆರೆದು ಸುಮ್ಮನೆ ಓದುತ್ತಿದ್ದೆ, ಅವತ್ತೇ ಕಂಡಿತು. ಆಮೇಲೆ ಗ್ರಂಥಪಾಲಕಿಯ ಹತ್ತಿರ ಮೂರು ಸಲ ಹೋಗಿ, ಇಂಥದ್ದೊಂದು ಸೌಲಭ್ಯ ನಿಮಗೆ ಬೇಕೇ ಬೇಕು ಎಂದು ಅವರ ತಲೆ ತಿಂದು, ಈ ಕೆಲಸ ಬೇರೆಯವರಿಗೆ ಕೊಟ್ಟರೆ ನೋಡಿ ಎಂದು ಮ್ಯಾನೇಜರ್ ಹತ್ತಿರ ಜಗಳವಾಡಿ ತೆಗೆದುಕೊಂಡವಳು ನಾನೇ. ಅದೊಂದು ಬೇಗ ಹಸಿರಾಗಿಬಿಡಲಿ ಅನ್ನುವ ಆಸೆಗೇ ಅವಸರ ಮಾಡಿ ಮೊದಲ ಸಲ ಎಲ್ಲ ಕೆಡಿಸಿದ್ದು. ಈ ಸಲ ಅವಸರ ಮಾಡಿಲ್ಲ. ಪತ್ರವನ್ನು ಮೂರು ಸಲ ಓದಿ ನೋಡಿಯೇ ಲಕೋಟೆಗೆ ಹಾಕುತ್ತಿದ್ದೇನೆ.