ಶ್ಯಾಮಲಕ್ಕ ಹೇಳಿಕೊಟ್ಟ ಪದ

ಜೂನ್ 2, ಸೋಮವಾರ. ಬೆಳಿಗ್ಗೆ 6

ಇವತ್ತೂ ಟೆರೇಸಿನ ಮೇಲೆ ಜಪಾನೀಸ್ ಪಾಠ. ಶ್ಯಾಮಲಕ್ಕ ಕಾಫಿ ಲೋಟ ಹಿಡಿದೇ ಕಲಿಸುತ್ತಾಳೆ. ಮನೆ ಓನರ್ ವಸಂತಮ್ಮನವರ ಮಗಳು. ಪೀಣ್ಯದ ನಮ್ಮ ಫ್ಯಾಕ್ಟರಿಯಲ್ಲೇ ಇಂಟರ್‌ಪ್ರಿಟರ್. ನಾನು ಮೇಲಿನ ರೂಮಿನ ಬಾಡಿಗೆಯವಳು, ಕ್ವಾಲಿಟಿ ಚೆಕ್‌ನಲ್ಲಿ ಕೆಲಸ. ಆದರೂ ಅಕ್ಕ ಒಂದು ದಿನವೂ ಪಾಠ ತಪ್ಪಿಸಿಲ್ಲ.

ಇಂಗ್ಲಿಷಿಗೆ ಸಿಗದ ಪದಗಳೆಂದರೆ ಅವಳಿಗೆ ಖುಷಿ. ಒತ್ಸುಕಾರೆಸಾಮಾ — ಕೆಲಸ ಮುಗಿಸಿ ಹೊರಟವರಿಗೆ ಹೇಳುವುದು. ನಿಮ್ಮ ದಣಿವು ನನಗೆ ಗೊತ್ತು... ಹೀಗೇನೋ. ಕೊಪ್ಪಳದಲ್ಲಿ ಅವ್ವ ಹೊಲದಿಂದ ಬಂದವರಿಗೆಲ್ಲ "ದಣಿದ್ರೇನು?" ಅನ್ನುತ್ತಾಳೆ. ಅದೇ ಎಂದೆ. ಅಕ್ಕ ನಕ್ಕಳು.

ಇನ್ನೊಂದು, ಮೊತ್ತಾಯ್‌ನಾಯ್.

"ಡಿಕ್ಷನರಿಲಿ ವೇಸ್ಟ್ ಅಂತಿರತ್ತೆ. ಅಷ್ಟೇ ಅಲ್ಲ ಕಣೇ ಮಾದೇವಿ. ರೇಷ್ಮೆ ಸೀರೆ ಉಟ್ಕೊಂಡು ಪಾತ್ರೆ ತಿಕ್ಕಿದ್ರೆ ಸೀರೆಗೆ ಅನ್ಯಾಯ ಅಲ್ವಾ? ಅದು."

ಜೂನ್ 6, ಶುಕ್ರವಾರ

ಆರು ತಿಂಗಳ ಟ್ರೇನಿಂಗಿಗೆ ಒಬ್ಬರನ್ನು ಜಪಾನಿಗೆ ಕಳಿಸುತ್ತಾರಂತೆ. ಅಲ್ಲಿಂದ ಬಂದಿರುವ ಹಿರಿಯ ಎಂಜಿನಿಯರ್ ಮೋರಿ ಸಾನ್ ಯಾರನ್ನೆಂದು ಸೂಚಿಸಬೇಕು. ಉಳಿದಿರುವುದು ಎರಡೇ ಹೆಸರು. ನಾನು. ಮತ್ತೆ ದೀಪು, ನಮ್ಮಲ್ಲೇ ಕೆಲಸ ಮಾಡುವ ಶ್ಯಾಮಲಕ್ಕನ ತಮ್ಮ.

ನಿನ್ನೆ ನಾನು ಸರಿಯಿಲ್ಲವೆಂದು ಬದಿಗಿಟ್ಟ ಶಾಫ್ಟನ್ನು ಮೋರಿ ಸಾನ್ ಲೆನ್ಸ್ ಹಿಡಿದು ನೋಡಿದರು. ಕೂದಲೆಳೆಯಷ್ಟು ಬಿರುಕು. ನನಗೆ ಬೆರಳಿಗೇ ಸಿಕ್ಕಿತ್ತು. ತುಂಬ ಹೊತ್ತು ನನ್ನ ಕೈಯನ್ನೇ ನೋಡಿದರು.

"ನೀನೇ ಹೋಗ್ತೀಯ ನೋಡ್ತಿರು" ಅಂದಳು ಅಕ್ಕ.

ಜೂನ್ 13, ಶುಕ್ರವಾರ

ದೀಪು.

ಪ್ಲಾಂಟ್ ಹೆಡ್ ನಲ್ಲಪ್ಪ ಸಾರ್ ಕರೆದು ಮೆಲ್ಲಗೆ ಹೇಳಿದರು. "ಬೇಜಾರ್ ಮಾಡ್ಕೋಬೇಡಮ್ಮ. ನಿನ್ನ ಕಳಿಸೋದು ವೇಸ್ಟ್ ಅಂದ್ಬಿಟ್ರು ಮೋರಿ ಸಾನ್. ನಾನೇನ್ ಮಾಡ್ಲಿ?"

ವಾಶ್‌ರೂಮಿನಲ್ಲಿ ಅತ್ತೆ. ಶ್ಯಾಮಲಕ್ಕ ಬಂದು ತಬ್ಬಿಕೊಂಡಳು. "ಈ ಜಪಾನಿನೋರು ಹಂಗೇ ಕಣೇ" ಅಂದಳು. ಸಂಜೆ ವಸಂತಮ್ಮ ಒಬ್ಬಟ್ಟು ಕಳಿಸಿದರು. ತಿಂದೆ.

ಜೂನ್ 26, ಗುರುವಾರ. ಮಧ್ಯಾಹ್ನ 1.40

ಪಾಠ ಬಿಟ್ಟು ಎರಡು ವಾರ. ಇವತ್ತು ಕ್ಯಾಂಟೀನಿನಲ್ಲಿ ಮೋರಿ ಸಾನ್ ತಟ್ಟೆ ಹಿಡಿದು ನನ್ನ ಎದುರೇ ಕೂತರು. ನಾಳಿದ್ದು ವಾಪಸ್ ಹೋಗುತ್ತಾರೆ. ಇಂಟರ್‌ಪ್ರಿಟರ್ ಇಲ್ಲ. ನನಗೆ ತಿಳಿಯಲೆಂದು ಜಪಾನೀಸಿನಲ್ಲೇ ನಿಧಾನ ಮಾತಾಡಿದರು. ತುಂಬ ಬೇಸರವಾಯಿತು, ನಿಮ್ಮನ್ನು ಇಲ್ಲೇ ಇಟ್ಟುಕೊಳ್ಳುವುದು ಮೊತ್ತಾಯ್‌ನಾಯ್ ಎಂದಿದ್ದೆ, ಕಂಪನಿ ಒಪ್ಪಲಿಲ್ಲವಂತೆ...

ಎರಡು ಸಲ ಕೇಳಿದೆ. *ಇಲ್ಲೇ* ಇಟ್ಟುಕೊಳ್ಳುವುದು. ಕಳಿಸುವುದಲ್ಲ.

ಒಪ್ಪಲಿಲ್ಲ ಎಂದು ಯಾರು ಹೇಳಿದರು?

"ಶ್ಯಾಮಲಾ ಸಾನ್."

ನೋಟ್‌ಬುಕ್ ಮುಂದಿಟ್ಟೆ. ಆ ಮಾತನ್ನು ಬರೆದು ಸೈನ್ ಮಾಡಿಕೊಟ್ಟರು.

ಸಂಜೆ 6

ಅಕ್ಕ ಟೆರೇಸಿನಲ್ಲಿ ಬಟ್ಟೆ ತೆಗೆಯುತ್ತಿದ್ದಳು. ನೋಟ್‌ಬುಕ್ ತೋರಿಸಿದೆ. ಓದಿದಳು.

"ಇಂಗ್ಲಿಷಲ್ಲಿ ಅದಕ್ಕೆ ಸರಿಯಾದ ಪದ ಇಲ್ವಲ್ಲೇ ಮಾದೇವಿ. ವೇಸ್ಟ್ ಅಂದೆ. ಸಾರ್ ತಪ್ಪು ತಿಳ್ಕೊಂಡ್ರು."

"ಸಾರಿಗೆ ಕನ್ನಡ ಬರ್ತದಲ್ಲಕ್ಕಾ. ನನಗ ಕನ್ನಡದಾಗ ತಿಳಿಸಿ ಹೇಳಿದಾಕಿ ನೀನಽ ಅಲ್ಲೇನು?"

ಕೈಯಲ್ಲಿದ್ದ ಟವೆಲನ್ನು ಮಡಚಿದಳು. ಬಿಚ್ಚಿ ಮತ್ತೆ ಮಡಚಿದಳು.

"ದೀಪು ಎಲ್ಲೂ ನಿಲ್ತಿಲ್ಲ. ಇದು ನಾಲ್ಕನೇ ಕಂಪನಿ. ಅಮ್ಮಂಗೆ ಅವನದೇ ಚಿಂತೆ. ನೀನು ಜಾಣೆ, ನಿಂಗೆ ಇನ್ನೊಂದ್ ಚಾನ್ಸ್ ಸಿಗತ್ತೆ ಅನ್ಕೊಂಡೆ."

"ಅಂದ್ಕೊಂಡು ಮತ್ತ ನನ್ನ ತಬ್ಕೊಂಡಿ."

ಸುಳ್ಳು ಹೇಳಿದ್ದಕ್ಕಿಂತ ಅದೇ ಉರಿಯುತ್ತಿದೆ. ಬೆನ್ನು ಸವರುತ್ತಿದ್ದ ಆ ಕೈ.

ಜೂನ್ 27, ಶುಕ್ರವಾರ

ನಲ್ಲಪ್ಪ ಸಾರಿಗೆ ತೋರಿಸಿದೆ. ಮೋರಿ ಸಾನ್‌ರನ್ನೂ ಕರೆಸಿ ಕೇಳಿದರು. ತಲೆ ಹಿಡಿದುಕೊಂಡರು. "ದೀಪು ವೀಸಾ, ಟಿಕೆಟ್ ಎಲ್ಲಾ ಆಗೋಗಿದೆಯಲ್ಲಮ್ಮ. ಮುಂದಿನ ಬ್ಯಾಚ್‌ಗೆ ನೀನೇ. ಶ್ಯಾಮಲಾನ ನಾನು ವಿಚಾರಿಸ್ಕೋತೀನಿ."

ಮುಂದಿನ ಬ್ಯಾಚ್ ಯಾವಾಗ ಎಂದು ಅವರಿಗೂ ಗೊತ್ತಿಲ್ಲ.

ಜುಲೈ 6, ಭಾನುವಾರ. ಬೆಳಿಗ್ಗೆ 10

ರೂಮು ಬಿಡುತ್ತಿದ್ದೇನೆ. ಇನ್ನು ದಾಸರಹಳ್ಳಿಯಲ್ಲಿ, ಫ್ಯಾಕ್ಟರಿ ಲೈನಿನ ಹುಡುಗಿಯರ ಜೊತೆ. "ಏನಾಯ್ತಮ್ಮಾ? ಶ್ಯಾಮಲಾನೂ ಬಾಯಿ ಬಿಡ್ತಿಲ್ಲ" ಎಂದು ವಸಂತಮ್ಮ ಕೇಳಿದರು. ಕೆಲಸಕ್ಕೆ ಹತ್ತಿರ ಎಂದೆ.

ಆಮೇಲೆ ದೀಪು ಬಂದ. ನಾಳೆ ಫ್ಲೈಟ್.

"ಫ್ಯಾಕ್ಟರಿಲಿ ಏನೇನೋ ಮಾತಾಡ್ತಾವ್ರೆ. ನಾನು ನಿಮ್ ಜಾಗದಲ್ಲಿ ಹೋಗ್ತಿದೀನಾ? ನಿಜ ಹೇಳಿ."

ಹೇಳಿದೆ. ಪೂರ್ತಿ. ನಿಂತೇ ಕೇಳಿದ. ಕೆಳಗೆ ಹೋದ.

10.45

ಅಕ್ಕ ಓಡಿ ಬಂದಳು. ಕಣ್ಣೆಲ್ಲ ಕೆಂಪು. "ಹೋಗಲ್ಲ ಅಂತ ಕೂತವ್ನೆ. ಪಾಸ್‌ಪೋರ್ಟ್ ಎಸೆದ. ನನ್ ಮುಖಾನೂ ನೋಡ್ತಿಲ್ಲ. ನೀನೊಂದ್ ಮಾತು ಹೇಳು ಮಾದೇವಿ, ಹೋಗು ಅಂತ. ನಿನ್ ಮಾತು ಕೇಳ್ತಾನೆ."

ನನ್ನ ಕೈಯಲ್ಲಿ ಹೇಳಿಸಬೇಕಂತೆ.

ಹೋಗದಿದ್ದರೆ ಸೀಟು ಖಾಲಿ. ವೀಸಾ ಇಲ್ಲದ ನನಗಂತೂ ಈಗ ಬರುವುದಿಲ್ಲ. ಅವನು ಒಳ್ಳೆಯ ಹುಡುಗ... ಆದರೆ ಇವಳಿಗಾಗಿ ಯಾಕೆ ಹೇಳಲಿ?

ಆಟೋ ಬಂತು. ಹಾರ್ನ್ ಹೊಡೆಯುತ್ತಿದ್ದಾನೆ. ಗೇಟಿನ ಕಟ್ಟೆಯ ಮೇಲೆ ದೀಪು ಕೂತಿದ್ದಾನೆ, ಅವನನ್ನು ದಾಟಿಯೇ ಹೋಗಬೇಕು. ಇಳಿಯುತ್ತೇನೆ. ಅವನಿಗೆ ಹೇಳುವುದು ಇಷ್ಟೇ: ಸೀಟು ಖಾಲಿ ಬಿಟ್ಟರೆ ಮೊತ್ತಾಯ್‌ನಾಯ್, ಹೋಗು.