ಅಳಿಲಿನ ದನಿ

ಬಿಳಿಗೆರೆಯ ಅನಸೂಯಮ್ಮ ಮೇಡಂ ಅವರಿಗೆ ನಿಮ್ಮ ಹಳೆಯ ವಿದ್ಯಾರ್ಥಿ ಬೀರೇಶನ ನಮಸ್ಕಾರಗಳು.

ಇಪ್ಪತ್ತೈದು ವರ್ಷದ ಹಿಂದೆ ನೀವು ಅಳಿಲಿಗೆ ದನಿ ಕೊಟ್ಟಿದ್ದ ಟಿವಿ ಕಾರ್ಟೂನನ್ನು ನಮ್ಮ ಕಂಪನಿ ಹೊಸ ಚಿತ್ರಗಳೊಂದಿಗೆ ಮತ್ತೆ ತರುತ್ತಿದೆ. ಹೋದ ವಾರ ನಿಮ್ಮ ಮನೆಗೆ ಬಂದಾಗ, ಅದಕ್ಕೆ ಬೇಕಾದ ಒಪ್ಪಿಗೆ ಪತ್ರ ಬರೀ ಕಾನೂನಿನ ಶಾಸ್ತ್ರಕ್ಕೆ ಎಂದೆ. “ನೀನು ಹೇಳಿದ ಮೇಲೆ ಓದೋದೇನು ಬಂತಪ್ಪ, ತಗೊಂಡ್ ಬಾ, ಸೈನ್ ಹಾಕ್ತೀನಿ ಬುಡು” ಎಂದು ಎಳನೀರು ಕೊಟ್ಟಿರಿ. ಕುಡಿದು ಬಂದೆ.

ನಾನು ಹೇಳಿದ್ದು ಸುಳ್ಳು. ಹಳೆಯ ಒಪ್ಪಂದದ ಅವಧಿ ಮುಗಿದಿದೆ, ನೀವು ಒಪ್ಪದೆ ನಿಮ್ಮ ದನಿಯನ್ನು ಬಳಸುವಂತಿಲ್ಲ. ಬಂಡವಾಳವೆಲ್ಲ ಚಿತ್ರಗಳಿಗೇ ಹೋಗಿದೆ, ಆದರೆ ಜನ ಗುರುತಿಸುವುದು ನಿಮ್ಮ ದನಿಯನ್ನು. ಅದಿಲ್ಲದೆ ಸರಣಿಯನ್ನು ಯಾರೂ ಕೊಳ್ಳುವುದಿಲ್ಲ. ಹಾಗಾಗಿ ಕಂಪನಿಯವರು ಒಂದು ಶಾಲು, ಐದು ಸಾವಿರ ರೂಪಾಯಿ ಕೊಟ್ಟು ಆ ದನಿಯನ್ನು ಶಾಶ್ವತವಾಗಿ ಬರೆಸಿಕೊಳ್ಳಲು ಹೊರಟಿದ್ದಾರೆ. ಮುಂದೆ ಕಂಪ್ಯೂಟರಿನಿಂದ ನಿಮ್ಮ ದನಿಯಲ್ಲಿ ಏನು ಬೇಕಾದರೂ ಆಡಿಸುವ ಹಕ್ಕೂ ಆ ಪತ್ರದಲ್ಲಿ ಸೇರಿದೆ. “ಅವರು ನಮ್ಮ ಮೇಡಂ ಸಾರ್, ಏನೂ ಕೇಳಲ್ಲ” ಎಂದು ಮ್ಯಾನೇಜರಿಗೆ ಧೈರ್ಯ ಹೇಳಿದವನು ನಾನು.

ತಿಪಟೂರಿನ ವಕೀಲರೊಬ್ಬರ ವಿಳಾಸವನ್ನು ಜೊತೆಗಿಟ್ಟಿದ್ದೇನೆ. ಅವರನ್ನು ಕಂಡು ಮಾತಾಡಿ.

ಸೋಮವಾರ ಮ್ಯಾನೇಜರ್ ಜೊತೆ ನಾನೂ ಬರುತ್ತೇನೆ. ಅವರೆದುರು ಕಾಗದ ಮುಂದಿಟ್ಟು ನಾನೇ ಒತ್ತಾಯಿಸುತ್ತೇನೆ. ದಯವಿಟ್ಟು ನನ್ನ ಮಾತು ಕೇಳಬೇಡಿ ಮೇಡಂ.

ಇಂತಿ,
ಬೀರೇಶ